ಶಾಸಕ ಸ್ಥಾನ ಬಿಡುವುದೋ, ಸಂಸದ ಸ್ಥಾನವೋ: ಮೊದಲು ದಿನ ಎಣಿಸಿ

ಶಾಸಕರೊಬ್ಬರು ಲೋಕಸಭೆಗೆ ಗೆದ್ದ ದಿನ ಹಾರ, ಪಟಾಕಿ ಎಲ್ಲ ಇರಲಿ. ಅವರ ಕಚೇರಿಯಲ್ಲಿ ಒಬ್ಬರಾದರೂ ಕ್ಯಾಲೆಂಡರ್ ಹಿಡಿದು ಕೂರಬೇಕು. ಆಯ್ಕೆಯ ಪ್ರಕಟಣೆ ಗೆಜೆಟ್‌ನಲ್ಲಿ ಬಂದು 14 ದಿನದೊಳಗೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡದಿದ್ದರೆ ಕೈಬಿಟ್ಟುಹೋಗುವುದು ಹೊಸದಾಗಿ ಗೆದ್ದ ಸಂಸತ್ ಸ್ಥಾನ. ಏಕಕಾಲಕ್ಕೆ ಎರಡೂ ಕಡೆ ಸದಸ್ಯರಾಗಿರುವುದನ್ನು ತಡೆಯುವ 1950ರ ನಿಯಮ ಹಾಗೆಯೇ ಇದೆ. ತುಂಬಾ ಜನ ಇದನ್ನು ತಿರುಗುಮುರುಗಾಗಿ ತಿಳಿದಿರುತ್ತಾರೆ. ಗೆಜೆಟ್ ತಡವಾಗಬಹುದು, ಆದರೂ ಫಲಿತಾಂಶದ ದಿನದಿಂದಲೇ ಎಣಿಸಿಕೊಂಡರೆ ಕ್ಷೇಮ. 2024ರಲ್ಲಿ ಕುಮಾರಸ್ವಾಮಿ ಮಂಡ್ಯದಿಂದ, ಬೊಮ್ಮಾಯಿ ಹಾವೇರಿಯಿಂದ, ತುಕಾರಾಂ ಬಳ್ಳಾರಿಯಿಂದ ಗೆದ್ದು ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಖಾಲಿಯಾಗಿದ್ದು ಈ ಲೆಕ್ಕದಲ್ಲೇ.

ಪತ್ರ ಸ್ಪೀಕರ್ ಹೆಸರಿಗೆ, ಸ್ವಂತ ಸಹಿಯಲ್ಲಿ ಇರಬೇಕು. ‘ಈ ದಿನದಿಂದ ನನ್ನ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ’ ಎಂಬಷ್ಟೇ ಸಾಕು. ಕಾರಣ, ಷರತ್ತು, ಪಕ್ಷದ ಮೇಲಿನ ಅಸಮಾಧಾನ ಯಾವುದೂ ಬೇಡ. ರಾಜೀನಾಮೆ ಸ್ವಇಚ್ಛೆಯದು, ನೈಜವಾದದ್ದು ಎಂದು ಸ್ಪೀಕರ್‌ಗೆ ಮನವರಿಕೆಯಾಗಬೇಕು; ಹಾಗಾಗಿ ಆಪ್ತ ಸಹಾಯಕರ ಕೈಯಲ್ಲಿ ಕಳಿಸದೆ ಖುದ್ದಾಗಿ ಹೋಗಿ ಕೊಡಿ. 2019ರ ಜುಲೈನಲ್ಲಿ ಕೆಲವು ಶಾಸಕರ ಪತ್ರಗಳು ಕ್ರಮಬದ್ಧವಾಗಿಲ್ಲವೆಂದು ಮತ್ತೆ ಬರೆದುಕೊಡಬೇಕಾಗಿ ಬಂದದ್ದು ನೆನಪಿರಲಿ.

ಸಂಸದರಾಗಿದ್ದು ದೆಹಲಿಯಿಂದ ಮುಖ್ಯಮಂತ್ರಿಯಾಗಿ ಮರಳುವವರ ಲೆಕ್ಕವೇ ಬೇರೆ. ರಾಜ್ಯದ ಯಾವುದಾದರೂ ಸದನದ ಸದಸ್ಯರಾಗಲು ಸಂವಿಧಾನದ 164(4)ನೇ ವಿಧಿ 6 ತಿಂಗಳು ಕೊಡುತ್ತದೆ. ರಾಜ್ಯದ ಯಾವ ಸದನದಲ್ಲೂ ಇನ್ನೂ ಸದಸ್ಯರಲ್ಲದ ಕಾರಣ 14 ದಿನದ ನಿಯಮ ಅವರನ್ನು ಮುಟ್ಟುವುದಿಲ್ಲ. 1999ರ ಏಪ್ರಿಲ್ 17ರಂದು ಒಡಿಶಾದ ಮುಖ್ಯಮಂತ್ರಿ ಗಿರಿಧರ್ ಗಮಾಂಗ್ ಲೋಕಸಭೆಯಲ್ಲಿ ಮತ ಹಾಕಿದ್ದು ಇದೇ ಸಂದಿಯಲ್ಲಿ. ವಾಜಪೇಯಿ ಸರ್ಕಾರ ಒಂದು ಮತದಿಂದ ಬಿತ್ತು. ಕಾನೂನಿಗೆ ಸರಿಹೋದರೂ ಇಂಥ ದ್ವಂದ್ವವನ್ನು ಜನ ಒಪ್ಪುವುದಿಲ್ಲ, ಬೇಗ ಒಂದನ್ನು ಬಿಡುವುದೇ ಮರ್ಯಾದೆ.

ಎಡವುವುದು ಹೆಚ್ಚಾಗಿ ಉಪಚುನಾವಣೆಯಲ್ಲಿ. ಸ್ಥಾನ ತೆರವಾದ 6 ತಿಂಗಳಲ್ಲಿ ಚುನಾವಣೆ ನಡೆಯಬೇಕು, ಆದರೆ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಆ ಕಡ್ಡಾಯ ಇಲ್ಲ. 2018ರ ಮೇ 18ರಂದು ಯಡಿಯೂರಪ್ಪ ಬಿಟ್ಟ ಶಿವಮೊಗ್ಗ ತೆರವಾಯಿತು. ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ. ಒಂದು ವರ್ಷದ ಮೇಲೆ ಎರಡು ವಾರ ಮಾತ್ರ ಹೆಚ್ಚಿತ್ತು, ಹಾಗಾಗಿ ನವೆಂಬರ್‌ನಲ್ಲಿ ಮತದಾನ ನಡೆಯಿತು. 2018ರ ಜೂನ್‌ನಲ್ಲಿ ತೆರವಾದ ಆಂಧ್ರದ 5 ಸ್ಥಾನಗಳಿಗೆ ವರ್ಷಕ್ಕಿಂತ ಕಡಿಮೆ ಉಳಿದಿದ್ದರಿಂದ ನಡೆಯಲಿಲ್ಲ. ಉತ್ತರಾಖಂಡದಲ್ಲಿ ಸಂಸದ ತೀರಥ್ ಸಿಂಗ್ ರಾವತ್ 2021ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ವಿಧಾನಸಭೆಗೆ ಉಳಿದಿದ್ದು ವರ್ಷದಷ್ಟೇ, ಉಪಚುನಾವಣೆ ನಡೆಯಲಿಲ್ಲ, ವಿಧಾನ ಪರಿಷತ್ತು ಅಲ್ಲಿಲ್ಲ, ಜುಲೈನಲ್ಲೇ ಇಳಿಯಬೇಕಾಯಿತು.

ಕರ್ನಾಟಕದಲ್ಲಿ 75 ಸದಸ್ಯರ ಪರಿಷತ್ತು ಇದೆ. 2011ರ ಆಗಸ್ಟ್‌ನಲ್ಲಿ ಸಂಸದರಾಗಿದ್ದಾಗಲೇ ಮುಖ್ಯಮಂತ್ರಿಯಾದ ಸದಾನಂದ ಗೌಡರು ಡಿಸೆಂಬರ್‌ನಲ್ಲಿ ಪರಿಷತ್ತಿಗೆ ಬಂದರು. ಪ್ರಮಾಣವಚನಕ್ಕೆ ಮುಂಚೆಯೇ ಅಲ್ಲಿ ಯಾವ ಸ್ಥಾನ ತೆರವಾಗಿದೆ, ಯಾರು ಬಿಟ್ಟುಕೊಡುತ್ತಾರೆ, ರಾಜ್ಯದ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಿ.