ಟೆಂಡರ್‌ನಿಂದ ದುಡ್ಡಿನವರೆಗೆ ಎಷ್ಟು ದಿನ? ನಾನು ಎಣಿಸಿದ ಬಗೆ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಮಷಿನ್ ಶಾಪ್ ಇದೆ. ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಯಂತ್ರ, ಒಂದು ಹಳೇ ಲೇತ್, ಏಳು ಜನ. ಬೆಂಗಳೂರಿನ ಒಂದು ರಕ್ಷಣಾ ಕಾರ್ಖಾನೆಗೆ ಬ್ರಾಕೆಟ್, ಬುಷ್‌ನಂಥ ಲೋಹದ ಬಿಡಿಭಾಗ ಮಾಡಿಕೊಡುತ್ತೇವೆ. ಓಡಿ (ಓವರ್‌ಡ್ರಾಫ್ಟ್) ಸಾಲದ ಮಿತಿ ಹೆಚ್ಚಿಸಿ ಎಂದು ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಕೇಳಿದರು: "ಬಿಡ್ ಬಂದ ಮೇಲೆ ದುಡ್ಡು ಕೈಸೇರಲು ಎಷ್ಟು ದಿನ?" "ತುಂಬಾ ದಿನ ಸಾರ್" ಎಂದೆ. ಅವರು ಪೆನ್ ಕೆಳಗಿಟ್ಟರು.

ಅವತ್ತು ರಾತ್ರಿಯೇ ಹಳೇ ಫೈಲ್‌ಗಳನ್ನು ಹರಡಿಕೊಂಡು ಕೂತೆ. ಒಂದೊಂದು ಕೆಲಸಕ್ಕೆ ಎಕ್ಸೆಲ್‌ನಲ್ಲಿ ಒಂದೊಂದು ಸಾಲು. ಬಿಡ್ ಕರೆದ ದಿನ, ತೆರೆದ ದಿನ, ಆರ್ಡರ್, ಮಾಲು ಇಳಿಸಿದ ದಿನ, ತಪಾಸಣೆ ಪಾಸಾದ ದಿನ, ಹಣ ಬಂದ ದಿನ. ಸುಲಭ ಅಂದುಕೊಂಡಿದ್ದೆ. ಮೊದಲ ಕಾಲಮ್‌ನಲ್ಲೇ ಎಡವಿದೆ.

ಎಲ್ಲಿಂದ ಎಣಿಸುವುದು? ಅಮೆರಿಕದಲ್ಲಿ ಇದಕ್ಕೆ 'ಪಾಲ್ಟ್' ಎಂಬ ಹೆಸರೇ ಇದೆ. ಬಿಡ್ ಕರೆದ ದಿನದಿಂದ ಗುತ್ತಿಗೆ ಕೊಟ್ಟ ದಿನದವರೆಗೆ ಲೆಕ್ಕ. 2021ರ ಜನವರಿಯಲ್ಲಿ ಅಲ್ಲಿನ ಇಲಾಖೆಗಳಿಗೆಲ್ಲ ಈ ಒಂದೇ ಅಳತೆಯ ಸುತ್ತೋಲೆ ಹೋಯಿತು. ಆದರೆ ಬಿಡ್ ಕರೆಯುವ ಮೊದಲು ಫೈಲ್ ಮೇಜಿಂದ ಮೇಜಿಗೆ ಅಲೆದ ತಿಂಗಳುಗಳು ಅದರೊಳಗೆ ಇಲ್ಲ. ಅವು ನನಗೂ ಕಾಣುವುದಿಲ್ಲವಲ್ಲ, ಅದಕ್ಕೆ ನಾನೂ ಬಿಡ್ ದಿನದಿಂದಲೇ ಶುರು ಮಾಡಿದೆ.

ನಿಜವಾದ ತಲೆನೋವು ರದ್ದಾದ ಟೆಂಡರ್‌ಗಳದ್ದು. ಒಂದು ಬುಷ್‌ಗೆ ಮೂರು ಸಲ ಬಿಡ್ ಕರೆದರು. ಡ್ರಾಯಿಂಗ್ ಬದಲಾಯಿತೆಂದು ಮೊದಲನೆಯದು ರದ್ದು. ಒಬ್ಬರೇ ಅರ್ಹರಾದರೆಂದು ಎರಡನೆಯದೂ ಹೋಯಿತು. ಮೂರನೆಯದು 38 ದಿನದಲ್ಲಿ ಆರ್ಡರ್ ಆಯಿತು. ಕಾಗದದ ಮೇಲೆ 38, ಭೇಷ್! ಮೊದಲ ಬಿಡ್‌ನಿಂದ ಎಣಿಸಿದರೆ ನನ್ನ ಪಾಲಿಗೆ 211. ಪ್ರತಿ ಸಲವೂ ಬಿಡ್ ನಂಬರ್ ಹೊಸದು, ಎಣಿಕೆಯೂ ಮತ್ತೆ ಒಂದರಿಂದ. ಹಾಗಾಗಿ ಬಿಡ್ ನಂಬರ್ ಬಿಟ್ಟು ಡ್ರಾಯಿಂಗ್ ನಂಬರ್ ಹಿಡಿದು ಎಲ್ಲವನ್ನೂ ಪೋಣಿಸಿದೆ. ಎರಡು ಭಾನುವಾರ ಹಿಡಿಯಿತು.

ಸರಾಸರಿ ತೆಗೆಯಲಿಲ್ಲ. ಆ ಒಂದು ಬುಷ್ಷೇ ಇಡೀ ಲೆಕ್ಕವನ್ನು ಎಳೆದುಬಿಡುತ್ತದೆ. ದಿನಗಳನ್ನು ಏರಿಕೆಯಲ್ಲಿ ಜೋಡಿಸಿ ನಟ್ಟನಡುವಿನದ್ದನ್ನು ತಗೊಂಡೆ. ಪಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿದದ್ದನ್ನೂ ಬರೆದೆ.

ಕೊನೆಗೆ 'ಆ ದಿನಗಳಲ್ಲಿ ಫೈಲ್ ಯಾರ ಹತ್ತಿರ ಇತ್ತು' ಎಂಬ ಕಾಲಮ್ ಸೇರಿಸಿದೆ. ಸ್ವಲ್ಪ ನಾಚಿಕೆಯಾಯಿತು. ಒಂದು ತಾಂತ್ರಿಕ ಪ್ರಶ್ನೆಗೆ ಉತ್ತರ ಕೊಡಲು ನಾನೇ 12 ದಿನ ಮಾಡಿದ್ದೆ. ಹಾಸನಾಂಬೆ ಬಾಗಿಲು ತೆಗೆದಿದ್ದ ಸಮಯ, ಮನೆ ತುಂಬ ನೆಂಟರು. ಬೈದದ್ದು ಮಾತ್ರ ಕಾರ್ಖಾನೆಯವರನ್ನು.

ಇನ್ನು ಹಣ. ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆ 2006ರ ಪ್ರಕಾರ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಪಾಸಣೆ ಪಾಸಾದ ದಿನದಿಂದ 45 ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಕಾಯ್ದೆ ಓದಿದರೆ ಬೇರೆಯೇ ಇದೆ. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ! ಸುಮ್ನೆ ಬಿಟ್ಟುಕೊಟ್ಟ ದಿನಗಳು ಎಷ್ಟೋ.

ಬ್ಯಾಂಕಿನವರು ಮಿತಿ ಸ್ವಲ್ಪ ಏರಿಸಿದರು. ಅದೇ ಹಾಳೆಯ ಪ್ರಿಂಟ್ ಹಿಡಿದು ಕಾರ್ಖಾನೆಯ ವೆಂಡರ್ ಮೀಟಿಂಗ್‌ಗೂ ಹೋದೆ. ನನ್ನ 12 ದಿನವನ್ನು ಅಳಿಸಿರಲಿಲ್ಲ. ಖರೀದಿ ವಿಭಾಗದ ಅಧಿಕಾರಿ 211ರ ಮೇಲೆ ಬೆರಳಿಟ್ಟು, "ನಮ್ಮ ವರದಿಯಲ್ಲಿ ಇದು 38 ಇದೆಯಲ್ಲ?" ಎಂದರು. ಮೂರು ಬಿಡ್ ನಂಬರ್‌ಗಳನ್ನೂ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಡೈರಿ ತೆಗೆದು ಮೂರನ್ನೂ ಬರೆದುಕೊಂಡರು.