ಕೋಲ್ಟ್ರೇನ್ ಜೀವನಚರಿತ್ರೆ: ಕಿವಿಗೊಟ್ಟು ಓದುವ ಬಗೆ

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ (1926–1967) ಅವರ ಯಾವ ಜೀವನಚರಿತ್ರೆ ಕೈಗೆ ಸಿಕ್ಕರೂ ಮೊದಲು ಕೊನೆಯ ಪುಟಗಳನ್ನು ತೆರೆಯಿರಿ. ಅಲ್ಲಿ ಧ್ವನಿಮುದ್ರಣಗಳ ಪಟ್ಟಿ ಇದ್ದರೆ ಒಂದು ಚೀಟಿ ಸಿಕ್ಕಿಸಿ.

ಆ ಪಟ್ಟಿಯಿಂದ ಬರೆದುಕೊಳ್ಳಬೇಕಾದ್ದು ನುಡಿಸಿದ ದಿನಾಂಕವನ್ನು, ಆಲ್ಬಮ್ ಹೊರಬಂದ ವರ್ಷವನ್ನಲ್ಲ. ಎಡವುವುದು ಇಲ್ಲೇ. 1957ರ ನವೆಂಬರಿನಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಜೊತೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದು ಆಲ್ಬಮ್ ಆದದ್ದು 2005ರಲ್ಲಿ. 1963ರ ಮಾರ್ಚ್‌ನಲ್ಲಿ ನುಡಿಸಿದ ಇನ್ನೊಂದು ಹೊರಬಂದದ್ದು 2018ರಲ್ಲಿ. ಒಂದೇ ಆಲ್ಬಮ್ಮಿನೊಳಗೂ ಹೀಗಾಗುತ್ತದೆ: ‘ಜೈಂಟ್ ಸ್ಟೆಪ್ಸ್’ನ ಉಳಿದ ರಚನೆಗಳು 1959ರ ಮೇ ತಿಂಗಳವು, ‘ನೈಮಾ’ ಮಾತ್ರ ಡಿಸೆಂಬರಿನದು, ಪಿಯಾನೊ ವಾದಕರೂ ಬೇರೆ.

ಒಮ್ಮೆಗೆ 20–25 ಪುಟ ಸಾಕು. ರೆಕಾರ್ಡಿಂಗ್ ಪ್ರಸಂಗ ಬಂದೊಡನೆ ಪುಸ್ತಕ ಮಗುಚಿಟ್ಟು ಮೂರು ಸಲ ಕೇಳಿ: ಮೊದಲು ಸುಮ್ಮನೆ, ಆಮೇಲೆ ಬೇಸ್ ಮತ್ತು ಡ್ರಮ್ಸ್ ಮಾತ್ರ ಹಿಂಬಾಲಿಸುತ್ತಾ, ಕೊನೆಗೆ ಆ ಪುಟ ಎದುರಿಟ್ಟುಕೊಂಡು. ಕದ್ರಿ ಗೋಪಾಲನಾಥರ ಆಲ್ಟೊ ಸ್ಯಾಕ್ಸೊಫೋನ್ ಕೇಳಿದ ಕಿವಿಗೆ ಕೋಲ್ಟ್ರೇನರ ಟೆನರ್ ತಗ್ಗಿನ ದನಿ, ಸೊಪ್ರಾನೊ ಮೇಲಿನದು.

ಪುಸ್ತಕದಲ್ಲಿ ಬರುವ ‘ಕೋರಸ್’ ಎಂದರೆ ರಚನೆಯ ಒಂದು ಪೂರ್ತಿ ಸುತ್ತು, ಹೆಚ್ಚುಕಡಿಮೆ ನಮ್ಮ ಆವರ್ತನದ ಹಾಗೆ. ‘ಜೈಂಟ್ ಸ್ಟೆಪ್ಸ್’ನಲ್ಲಿ ಅದು ನಾಲ್ಕು ನಾಲ್ಕು ಎಣಿಕೆಯ 16 ಬಾರ್, ಅಂದರೆ 64 ಎಣಿಕೆ. ಅಷ್ಟರಲ್ಲಿ ಷಡ್ಜವೇ ಅಂತರ ಗಾಂಧಾರದಷ್ಟು ದೂರದ ಮೂರು ನೆಲೆಗಳ ನಡುವೆ ಜಿಗಿಯುತ್ತಿರುತ್ತದೆ. ಒಂದೇ ಶ್ರುತಿಗೆ ಒಗ್ಗಿದವರಿಗೆ ಇದು ಗೊಂದಲ ಎನಿಸುವುದು ಅದಕ್ಕೇ. ಮೊದಲು 1960ರ ‘ಮೈ ಫೇವರಿಟ್ ಥಿಂಗ್ಸ್’ ಕೇಳಿ; ಅಲ್ಲಿ ನೆಲೆ ಹೆಚ್ಚು ಹೊತ್ತು ನಿಲ್ಲುತ್ತದೆ.

1957ರ ಅಧ್ಯಾಯವನ್ನು ಅವಸರದಲ್ಲಿ ಓದಬೇಡಿ. ಹೆರಾಯಿನ್ ಚಟದಿಂದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದ ಕೆಲಸ ಹೋದದ್ದು, ಚಟ ಬಿಟ್ಟದ್ದು, ಮಾಂಕ್ ಬಳಿ ಕಲಿತದ್ದು ಎಲ್ಲವೂ ಆ ವರ್ಷದ್ದೇ. ಪತನ–ಉದ್ಧಾರದ ಕಥೆಯಾಗಿ ಮಾತ್ರ ಓದಿದರೆ ಗಂಟೆಗಟ್ಟಲೆಯ ಸಾಧನೆ ಮರೆಗೆ ಸರಿಯುತ್ತದೆ. ಪ್ರತಿ ಉದ್ಧರಣೆಯ ಪಕ್ಕ ಯಾರು, ಯಾವಾಗ ಹೇಳಿದ್ದು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಆಗಿನ ಸಂದರ್ಶನಕ್ಕೂ ದಶಕಗಳ ನಂತರದ ನೆನಪಿಗೂ ಒಂದೇ ತೂಕವಿಲ್ಲ.

1964ರ ಡಿಸೆಂಬರ್ 9ರಂದು ನುಡಿಸಿದ ‘ಎ ಲವ್ ಸುಪ್ರೀಮ್’ ಆಲ್ಬಮ್ಮಿಗೆ ಒಂದು ಸಂಜೆ ಪೂರ್ತಿ ಮೀಸಲಿಡಿ. ಅದರ ನಾಲ್ಕನೇ ಭಾಗದಲ್ಲಿ ಕೋಲ್ಟ್ರೇನ್ ತಾವೇ ಬರೆದ ಪ್ರಾರ್ಥನೆಯನ್ನು ಸಾಹಿತ್ಯ ನುಡಿಸುವಂತೆ ಪದಪದವಾಗಿ ನುಡಿಸಿದ್ದಾರೆ. ಕವನ ಆಲ್ಬಮ್ ಹೊದಿಕೆಯಲ್ಲೇ ಅಚ್ಚಾಗಿದೆ. ಬೆರಳಿಟ್ಟು ಓದುತ್ತಾ ಕೇಳಿ. ಮೊದಲ ಸಲ ಸಾಲು ತಪ್ಪುತ್ತದೆ. ‘ಥ್ಯಾಂಕ್ ಯೂ ಗಾಡ್’ ಬಂದಲ್ಲಿ ಸ್ವರ ಇಳಿದು ನಿಲ್ಲುವುದನ್ನು ಗುರುತು ಹಿಡಿದರೆ ಮತ್ತೆ ಸಾಲು ಸಿಗುತ್ತದೆ.