ಶೋಧನೆ ಬರುವ ಮುಂಚೆಯೇ ತಯಾರಾಗುವುದು ಹೇಗೆ?

ಹುಬ್ಬಳ್ಳಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಬ್ಯಾಡಗಿ ಮೆಣಸಿನಕಾಯಿ ಜಾಸ್ತಿ ಹೋಗುತ್ತದೆ. ಒಣ ಮೆಣಸಿನಕಾಯಿಗೆ ರಾತ್ರಿ ನೀರು ಚಿಮುಕಿಸಿಟ್ಟರೆ ಬೆಳಿಗ್ಗೆ ತೂಕ ಹೆಚ್ಚು ಬರುತ್ತದೆ. ಮಗಳ ಕಾಲೇಜು ಫೀ ಕಟ್ಟಬೇಕಿದ್ದ ವರ್ಷ ನಾನು ಅದನ್ನು ಮಾಡಿದೆ. ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ‘ನಮ್ಮನ್ನು ಶೋಧನೆಯೊಳಗೆ ಸೇರಿಸದೆ’ ಎಂದು ಪ್ರಾರ್ಥಿಸುತ್ತಿದ್ದೆ. ಶೋಧನೆ ಅಂದರೆ ತಪ್ಪಿಗೆ ಎಳೆಯುವ ಆಸೆ. ಸೋಮವಾರ ರಾತ್ರಿ ತಂಬಿಗೆ ಹಿಡಿದು ಚೀಲದ ಹತ್ತಿರ ಹೋಗುತ್ತಿದ್ದೆ. ಅದರಿಂದ ಹೊರಬಂದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಶೋಧನೆ ಬೇರೆಯೇ ಇರಬಹುದು: ಫೋನು, ಸಿಟ್ಟು, ಕುಡಿತ. ದಾರಿ ಮಾತ್ರ ಹೆಚ್ಚುಕಡಿಮೆ ಇದೇ.

ಮೊದಲು ಅದು ಬರುವ ಹೊತ್ತನ್ನು ಗುರುತಿಸಿ. ಒಂದು ವಾರ ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಎಷ್ಟು ಗಂಟೆಗೆ ಬಂತು, ಎಲ್ಲಿದ್ದೆ, ಹಸಿವಾಗಿತ್ತಾ, ಯಾರ ಜೊತೆಗಾದರೂ ಜಗಳ ಆಗಿತ್ತಾ? ನನಗೆ ಅದು ಬರುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ, ಖಾಲಿ ಹೊಟ್ಟೆಯಲ್ಲಿ ಗಲ್ಲಾ ಎಣಿಸಿ ದುಡ್ಡು ಕಮ್ಮಿ ಕಂಡಾಗ. ಯೇಸುವಿನ ಹತ್ತಿರ ಸೈತಾನ ಬಂದದ್ದೂ ಆತ 40 ದಿನ ಉಪವಾಸವಿದ್ದು ಹಸಿದಾಗಲೇ. ಮೊದಲು ತೆಗೆದದ್ದೂ ರೊಟ್ಟಿಯ ಮಾತೇ. ಈಗ ನಾನು ಎರಡು ರೊಟ್ಟಿ ತಿಂದ ಮೇಲೆಯೇ ಗಲ್ಲಾ ಮುಟ್ಟುತ್ತೇನೆ. ಸಣ್ಣ ವಿಷಯ ಅನ್ನಿಸಬಹುದು, ಮಾಡಿ ನೋಡಿ.

ಆಮೇಲೆ ಜಾಗ ಬದಲಿಸಿ. ಶೋಧನೆಯ ಎದುರು ನಿಂತು ವಾದ ಮಾಡಬೇಡಿ. ನಿಂತಿರೋ, ಮನಸ್ಸು ಅದರ ಪರವಾಗಿ ವಕೀಲಿ ಶುರು ಮಾಡುತ್ತದೆ: ಎಲ್ಲರೂ ಮಾಡ್ತಾರೆ, ಮಗಳ ಫೀಗೆ ತಾನೇ, ಇದೊಂದೇ ಸಲ. ಬೈಬಲಿನಲ್ಲಿ ಯಜಮಾನ ಪೋಟೀಫರನ ಹೆಂಡತಿ ತನ್ನ ಜೊತೆ ಮಲಗು ಎಂದು ಬಟ್ಟೆ ಹಿಡಿದೆಳೆದಾಗ ಯೋಸೇಫ ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ನಾನು ಮೆಣಸಿನಕಾಯಿ ಚೀಲವನ್ನು ಹಿಂದಿನ ನಲ್ಲಿಯ ಪಕ್ಕದಿಂದ ಎತ್ತಿ ಬಾಗಿಲ ಹತ್ತಿರ ಇಟ್ಟೆ. ತೂಕದ ಮಷಿನನ್ನು ಅಂಕಿ ಗಿರಾಕಿಗೂ ಕಾಣುವ ಹಾಗೆ ತಿರುಗಿಸಿದೆ. ಫೋನಿನ ಕಾಟ ಇರುವವರು ಚಾರ್ಜರನ್ನು ಅಡುಗೆಮನೆಯಲ್ಲಿ ಇಡಿ. ಇದನ್ನೆಲ್ಲ ಮನಸ್ಸು ಗಟ್ಟಿಯಾಗಿರುವ ಬೆಳಿಗ್ಗೆಯೇ ಮಾಡಿಬಿಡಿ.

ಬೈಬಲಿನ ಒಂದು ವಚನ ಬಾಯಲ್ಲಿ ಸಿದ್ಧವಾಗಿರಲಿ. ಒಂದೇ ಸಾಕು, ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಸೈತಾನ ಶೋಧಿಸಿದ ಮೂರು ಸಲವೂ ಯೇಸು ಧರ್ಮೋಪದೇಶಕಾಂಡ ಎನ್ನುವ ಪುಸ್ತಕದ ಮಾತಿನಿಂದಲೇ ಉತ್ತರ ಕೊಟ್ಟ. ನನ್ನದು ಜ್ಞಾನೋಕ್ತಿ ಪುಸ್ತಕದ 11:1, ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎನ್ನುವ ಮಾತು. ಜೋರಾಗಿಯೇ ಹೇಳಿಕೊಳ್ಳುತ್ತೇನೆ.

ಹಾಗೆಯೇ, ಆಸೆ ಬಂದ ಮಾತ್ರಕ್ಕೆ ಪಾಪ ಆಗಿಹೋಯಿತು ಎಂದು ಕುಗ್ಗಬೇಡಿ. ಯೇಸುವಿಗೂ ಶೋಧನೆ ಬಂತು, ಆತ ಪಾಪ ಮಾಡಲಿಲ್ಲ. ಎಷ್ಟೋ ಜನ ಇಲ್ಲೇ ಸೋಲುತ್ತಾರೆ. ಹೇಗೂ ಮನಸ್ಸು ಕೆಟ್ಟಿತಲ್ಲ, ಮಾಡಿಯೇಬಿಡೋಣ ಅಂದುಕೊಳ್ಳುತ್ತಾರೆ.

ಒಬ್ಬರಿಗಾದರೂ ಹೇಳಿ. ನಮ್ಮ ಸಭೆಯ ಹಿರಿಯರೊಬ್ಬರು ಪ್ರತಿ ಶನಿವಾರ ಫೋನ್ ಮಾಡಿ, ‘ಈ ವಾರ ತೂಕ ಹೆಂಗಿತ್ತಪಾ?’ ಎಂದು ಕೇಳುತ್ತಾರೆ. ಉಪದೇಶ ಮಾಡುವುದಿಲ್ಲ. ಶನಿವಾರ ಉತ್ತರ ಕೊಡಬೇಕು ಎನ್ನುವ ನೆನಪೇ ಗುರುವಾರ ಕೈ ಹಿಡಿಯುತ್ತದೆ.

ಬಿದ್ದರೆ? ತಡ ಮಾಡದೆ ಸರಿಪಡಿಸಿ. ದೇವರ ಹತ್ತಿರ ಅತ್ತರೆ ಸಾಲದು, ಯಾರಿಗೆ ನಷ್ಟ ಮಾಡಿದಿರೋ ಅವರ ಹತ್ತಿರವೂ ಹೋಗಿ. ಬೈಬಲಿನ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದ. ನಾನು ತಡ ಮಾಡಿದೆ. ಆ ವರ್ಷ ನಮ್ಮ ಓಣಿಯ ಅಕ್ಕ ಒಬ್ಬರು ಮೆಣಸಿನಕಾಯಿ ಪೊಟ್ಟಣ ತಂದು ಬಿಚ್ಚಿದರು. ತೊಟ್ಟಿನ ಸುತ್ತ ಬಿಳಿ ಬೂಷ್ಟು. ಬೈಯಲಿಲ್ಲ. ‘ಅಣ್ಣಾ, ನಮ್ಮ ಮನ್ಯಾಗ ಎಲ್ಲೋ ನೀರು ತಾಗಿರಬೇಕ್ರಿ’ ಅಂದರು. ಬೇರೆ ಕಾಯಿ ಕೊಟ್ಟೆ, ನಿಜ ಹೇಳಲಿಲ್ಲ. ಮೂರು ರಾತ್ರಿ ಆ ಮಾತು ನಿದ್ದೆ ಮಾಡಗೊಡಲಿಲ್ಲ. ನಾಲ್ಕನೇ ದಿನ ಅವರ ಮನೆಗೆ ಹೋಗಿ ಎಲ್ಲ ಹೇಳಿ ದುಡ್ಡು ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಎರಡು ವಾರ ಅಂಗಡಿಗೆ ಬರಲಿಲ್ಲ. ಆಮೇಲೆ ಬಂದರು. ಈಗಲೂ ಬರುತ್ತಾರೆ. ಪ್ರತಿ ಸಲ ಚೀಲದಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಬೀಜದ ಸದ್ದು ಕೇಳಿದ ಮೇಲೆಯೇ ಅರ್ಧ ಕೆಜಿ ತೂಗಲು ಹೇಳುತ್ತಾರೆ.